ತೆಂಕಣ ಗೋಡೆಯ ಕಂಡಿ

ಹೆಬ್ಬಾಗಿಲು ಎಂದಾಕ್ಷಣ ಬೇರೆಯವರಿಗೆ ಆನೆ, ಅಂಬಾರಿ, ಕಹಳೆ ನೆನಪಾಗುತ್ತವೇನೋ. ನನ್ನ ಮೂಗಿಗೆ ಬರುವುದು ಬಾವಲಿ ಹಿಕ್ಕೆಯ ವಾಸನೆ. ಆ ಚಳಿಗಾಲವಿಡೀ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಹಳೆಯ ಕೋಟೆಪೇಟೆಗಳನ್ನು ಸುತ್ತಿ, ಯಾವ ಬಾಗಿಲು ಬಿರುಕು ಬಿಟ್ಟಿದೆ, ಯಾವ ಗೋಡೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿದೆ ಎಂದು ಅಳೆದು ನಕ್ಷೆ ಮಾಡುವ ಕೆಲಸವನ್ನು ಪುರಾತತ್ವ ಇಲಾಖೆಯವರು ನನ್ನ ತಲೆಗೆ ಕಟ್ಟಿದ್ದರು. ಹೊಸನಗರದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದಿದ್ದೆ. ಬೆಳಿಗ್ಗೆ ಟೇಪು, ತೂಗುಗುಂಡು, ಡಬ್ಬಿಯಲ್ಲಿ ಚಪಾತಿ ತುಂಬಿಕೊಂಡು ಮೊದಲ ಬಸ್ಸು ಹತ್ತಿದರೆ ಕತ್ತಲಾಗುವ ಹೊತ್ತಿಗೆ ಮೈತುಂಬ ಮುಳ್ಳು, ಉಣ್ಣೆಹುಳ ಅಂಟಿಸಿಕೊಂಡು ವಾಪಸ್ಸು.

ಇಕ್ಕೇರಿಯಲ್ಲಿ ಕೋಟೆಗೋಡೆ ಹುಡುಕಿದರೆ ಗದ್ದೆಯ ಅಂಚು ಸಿಕ್ಕಿತು. ನಗರದ ಕೋಟೆಯಲ್ಲಿ ಬುರುಜಿನ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವವರು ನನ್ನ ಟೇಪನ್ನು ದಾಟಿ ದಾಟಿ ಹೋದರು. ಕವಲೇದುರ್ಗದಲ್ಲಿ ಒಂದು ಬಾಗಿಲು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಎದುರಾಗಿ ಏದುಸಿರು ಬಂತು. ಎಲ್ಲ ಕಡೆಯೂ ಬಾಗಿಲು ಇದೆ, ಒಳಗೆ ಊರಿಲ್ಲ. ಪೇಟೆಬೀದಿ ಎಂದು ನಕ್ಷೆಯಲ್ಲಿ ಬರೆಯುವಾಗ ಕೈ ತಡೆಯುತ್ತಿತ್ತು. ಹುಲ್ಲು ಬೆಳೆದ ಎರಡು ಸಾಲು ಜಗಲಿಗಳನ್ನು ಪೇಟೆ ಎನ್ನಲು ಯಾಕೋ ನಾಚಿಕೆ.

ನಾನು ಹೇಳಹೊರಟಿರುವ ಕೋಟೆ ಹೊಸನಗರಕ್ಕೂ ತೀರ್ಥಹಳ್ಳಿಗೂ ನಡುವೆ, ಮುಖ್ಯರಸ್ತೆಯಿಂದ ಒಳಗಿದೆ. ಅದರ ಹೆಸರು ಬರೆಯುವುದಿಲ್ಲ. ಯಾಕೆಂದು ಕೊನೆಗೆ ನಿಮಗೇ ತಿಳಿಯುತ್ತದೆ. ದೊಡ್ಡದೇನಲ್ಲ. ಮೂಡಣಕ್ಕೆ ಒಂದು ಹೆಬ್ಬಾಗಿಲು, ಸುತ್ತ ಜಂಬಿಟ್ಟಿಗೆ ಕಲ್ಲಿನ ಗೋಡೆ, ನಡುವೆ ಪೇಟೆಬೀದಿ. ಬೇರೆ ಕೋಟೆಗಳಿಗೂ ಇದಕ್ಕೂ ಇದ್ದ ವ್ಯತ್ಯಾಸ ಒಂದೇ. ಇಲ್ಲಿ ಒಳಗೆ ಇನ್ನೂ ಒಂದು ಮನೆಯಿತ್ತು. ಹಳೆಯ ಅಂಗಡಿ ಜಗಲಿಯೊಂದರ ಮೇಲೆ ಗೋಡೆ ಎಬ್ಬಿಸಿ ಹೆಂಚು ಹೊದಿಸಿದ್ದ ಆ ಮನೆಯಲ್ಲಿ ಕೋಟೆಯ ಕಾವಲುಗಾರರೂ ಅವರ ತಂಗಿಯೂ ಇದ್ದರು. ಇಬ್ಬರೂ ಐವತ್ತು ದಾಟಿದವರು. ಅಣ್ಣ ಮದುವೆಯಾಗಲಿಲ್ಲ, ತಂಗಿ ಗಂಡ ಸತ್ತ ಮೇಲೆ ಇಲ್ಲಿಗೇ ಬಂದಿದ್ದರು. ಹೆಬ್ಬಾಗಿಲಿನ ಒಳಗೆ ಹಿಂದೆ ಪಹರೆಯವರು ಕೂರುತ್ತಿದ್ದ ಕಟ್ಟೆಯ ಮೇಲೆ ಸ್ಟೌವ್ ಇಟ್ಟುಕೊಂಡು ಚಾ, ಮಂಡಕ್ಕಿ, ನಿಂಬೆ ಶರಬತ್ತು ಮಾರುತ್ತಿದ್ದರು. ಅಷ್ಟು ದೊಡ್ಡ ಪೇಟೆಯಲ್ಲಿ ಉಳಿದದ್ದು ಅದೊಂದೇ ಅಂಗಡಿ. ಆ ತಂಗಿಯನ್ನು ನಾನು ಅಕ್ಕ ಎನ್ನುತ್ತಿದ್ದೆ, ಇಲ್ಲಿಯೂ ಹಾಗೆಯೇ ಎನ್ನುತ್ತೇನೆ.

ನಾನು ಅಳತೆಗೆ ಹೋದಾಗ ಕಾವಲುಗಾರರು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದರು. ಶ್ವಾಸಕೋಶದ ಕಾಯಿಲೆ. ಅಕ್ಕ ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ನೋಡಿ ಬರುತ್ತಿದ್ದರು. ಹಾಗಾಗಿ ಗೋಡೆಯ ವಿಚಾರ ಕೇಳಲು ಅಲ್ಲಿ ಯಾರೂ ಇರಲಿಲ್ಲ, ಕೇಳಬೇಕು ಎಂದು ನನಗೂ ತೋಚಲಿಲ್ಲ.

ತೆಂಕಣ ಗೋಡೆಯ ನಡುವೆ ಒಂದು ಕಂಡಿ ಇತ್ತು. ಎರಡಾಳು ಎತ್ತರದ ಗೋಡೆಯಲ್ಲಿ ಮೇಲಿನಿಂದ ಬುಡದವರೆಗೆ ಬಾಗಿಲಗಲದ ತೆರಪು. ಸಾಮಾನ್ಯವಾಗಿ ಗೋಡೆ ಕುಸಿದರೆ ಹೊರಗಡೆ ಕಲ್ಲಿನ ರಾಶಿ ಬಿದ್ದಿರುತ್ತದೆ. ಇಲ್ಲಿ ಒಂದು ಕಲ್ಲೂ ಇರಲಿಲ್ಲ. ಕೆಳಗಿನ ಊರಿನವರು ಮನೆ ಕಟ್ಟಲು ಹೊತ್ತುಕೊಂಡು ಹೋಗಿರಬೇಕು ಎಂದುಕೊಂಡೆ. ಕಂಡಿಯ ಎರಡೂ ಅಂಚುಗಳಲ್ಲಿ ಕಲ್ಲುಗಳು ಕಿತ್ತುಬಂದಂತೆ ಇರದೆ ಒಪ್ಪವಾಗಿ ಕೂತಿದ್ದವು. ಬುಡದಲ್ಲಿ ಸವೆದ ಒಂದು ಮೆಟ್ಟಿಲುಗಲ್ಲು. ಇದೆಲ್ಲ ಕಣ್ಣಿಗೆ ಬಿದ್ದರೂ ತಲೆ ಅದನ್ನು ಬೇರೆ ಹಾದಿಗೆ ಹಚ್ಚಲಿಲ್ಲ. ನಕ್ಷೆಯಲ್ಲಿ ‘ಕುಸಿತ, ಮರುನಿರ್ಮಾಣ ಅಗತ್ಯ’ ಎಂದು ಬರೆದೆ. ಇಲಾಖೆಯವರು ಒಪ್ಪಿದರು. ಬೇಸಿಗೆಯಲ್ಲಿ ಕೆಲಸ ಶುರುವಾಯಿತು, ಕೆಲಸ ಹಿಡಿದ ಗುತ್ತಿಗೆದಾರರ ಪರವಾಗಿ ಉಸ್ತುವಾರಿಗೂ ನಾನೇ ಬಂದೆ.

ಬಾಗಲಕೋಟೆ ಕಡೆಯ ಮೇಸ್ತ್ರಿಯೊಬ್ಬರು ತಮ್ಮ ಆಳುಗಳೊಂದಿಗೆ ಬಂದು ಕೋಟೆಯ ಹೊರಗೆ ತಗಡಿನ ಶೆಡ್ಡು ಹಾಕಿಕೊಂಡರು. ಮೊದಲು ಹೆಬ್ಬಾಗಿಲು. ಅದರ ಮೇಲಿನ ತೊಲೆಗಲ್ಲು ನಡುವೆ ಸೀಳಿತ್ತು, ಸೀಳಿನೊಳಗೆ ಬಸರಿ ಬೇರು ಹೊಕ್ಕಿತ್ತು. ಮರದ ದಿಮ್ಮಿಗಳನ್ನು ಆನಿಸಿ, ಜಾಕು ಕೊಟ್ಟು, ತುಕ್ಕು ಹಿಡಿಯದ ಸರಳು ತೂರಿಸಿ ಕಲ್ಲನ್ನು ಹೊಲಿಯುವುದರಲ್ಲೇ ಬೇಸಿಗೆ ಅರ್ಧ ಕಳೆಯಿತು. ನಡುವೆ ಸುಣ್ಣದ ರಗಳೆ. ಬಂದ ಮೂಟೆಗಳನ್ನು ಗುಂಡಿಗೆ ಸುರಿದು ನೀರು ಬಿಟ್ಟರೆ ಕುದಿಯಲೇ ಇಲ್ಲ. ಗಾಳಿ ತಾಗಿ ಸತ್ತ ಸುಣ್ಣ. ಮೇಸ್ತ್ರಿ ಒಂದು ಹಿಡಿ ಎತ್ತಿ ಮೂಸಿ, “ಇದನ್ನ ಹಣೀಗೆ ಹಚ್ಕೋಬೇಕ್ರೀ ಮೇಡಂ, ಗ್ವಾಡೀಗಲ್ಲ” ಎಂದು ಕೈ ಕೊಡವಿದರು. ವಾಪಸ್ಸು ಕಳಿಸಿ ಹೊಸದು ತರಿಸಿ, ಅದು ಗುಂಡಿಯಲ್ಲಿ ಕೊಳೆತು, ಬೆಲ್ಲ ಮತ್ತು ಅಳಲೆಕಾಯಿಯ ನೀರು ಸೇರಿಸಿ ಗಾರೆ ಅರೆಯುವ ಹೊತ್ತಿಗೆ ಕೋಟೆಯ ಕೊಳದ ನೀರು ತಳ ಸೇರಿತ್ತು. ಟ್ಯಾಂಕರ್ ಏರು ಹತ್ತುವುದಿಲ್ಲ. ಕೊನೆಗೆ ಅಕ್ಕನೇ, “ನಮ್ ಬಾವೀಲಿ ಸೇದ್ಕಳಿ, ನಮಗೆಷ್ಟು ಬೇಕು” ಎಂದರು. ಗಾರೆಗೂ, ಕಟ್ಟಿದ ಮೇಲೆ ಗೋಣಿತಾಟು ನೆನೆಸಿ ಹೊದಿಸಲಿಕ್ಕೂ ಆಮೇಲೆ ಆ ಬಾವಿಯ ನೀರೇ.

ಹೆಬ್ಬಾಗಿಲು ಮುಗಿಸಿ ತೆಂಕಣ ಗೋಡೆಗೆ ಬಂದೆವು. ಅಷ್ಟರಲ್ಲಿ ಆಸ್ಪತ್ರೆಯವರು ಕಾವಲುಗಾರರನ್ನು ಮನೆಗೆ ಕಳಿಸಿದ್ದರು. ಇನ್ನು ಮಾಡುವುದೇನೂ ಉಳಿದಿಲ್ಲ ಎಂದು ಅವರು ಅಕ್ಕನಿಗೆ ಹೇಳಿದ್ದು ನನಗೆ ಆಗ ಗೊತ್ತಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಮ್ಮ ಆಳುಗಳೇ ಅವರನ್ನು ಒಳಗೆ ಹೊತ್ತು ತಂದರು. ಹೊಸದಾಗಿ ದುರಸ್ತಿಯಾದ ತೊಲೆಗಲ್ಲನ್ನು ಅವರು ಕುರ್ಚಿಯಿಂದಲೇ ಕತ್ತೆತ್ತಿ ನೋಡಿದರು.

ಕಂಡಿಯಲ್ಲಿ ಕಲ್ಲಿನ ಮೊದಲ ವರಸೆ, ಅಂದರೆ ಅಡಿಸಾಲು, ಕೂರಿಸಿದ ದಿನ ಅಕ್ಕ ಚಾದ ಕೆಟಲ್ ಹಿಡಿದು ಬಂದವರು ಅಲ್ಲೇ ನಿಂತರು.

“ಎಂತ ಮೇಡಂ, ಇದ್ನೂ ಕಟ್ತೀರಾ?”

“ಹೌದಕ್ಕ. ಇದು ಮುಗಿದ್ರೆ ಕೋಟೆ ಪೂರ್ತಿ ಆಯ್ತು.”

“ಪೂರ್ತಿ ಮುಚ್ಚೋದಾ?”

“ಪೂರ್ತಿ.”

ಮರುದಿನವೂ ಬಂದರು. “ಒಂಚೂರು ಬಿಟ್ರೆ ಎಂತ ಆಗ್ತದೆ? ದನ ಮೇಯಕ್ಕೆ ಹೋಗೋಕೆ ದಾರಿ ಬೇಕಲ್ಲ ಮಾರಾಯ್ರೆ.”

“ಹೆಬ್ಬಾಗಿಲಲ್ಲಿ ಆನೆ ಹೋಗ್ತಿತ್ತಂತೆ, ನಿಮ್ಮ ದನ ಹೋಗಲ್ವಾ?” ಎಂದು ನಾನು ನಕ್ಕೆ. ಅಕ್ಕ ನಗಲಿಲ್ಲ. ಲೋಟಗಳನ್ನು ಎತ್ತಿಕೊಂಡು ಹೋದರು. ಎದೆಮಟ್ಟ ಬಂದ ಮೇಲೂ ಒಮ್ಮೆ ಬಂದು ಗೋಡೆಯ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತಿದ್ದರು. ಕೆಲಸ ಮೆಚ್ಚಿಕೊಂಡರು ಎಂದೇ ನಾನು ತಿಳಿದೆ. ಮೆಚ್ಚುವಂತೆಯೇ ಇತ್ತು. ಹಳೆಯ ಅಂಚಿಗೂ ಹೊಸ ಕಲ್ಲಿಗೂ ಸೇರಿಕೆ ಎಲ್ಲಿ ಎಂದು ಹುಡುಕಬೇಕಾಗಿತ್ತು, ಮೇಸ್ತ್ರಿ ತಿರುತಿರುಗಿ ಅದನ್ನೇ ಸವರುತ್ತಿದ್ದರು.

ಕೊನೆಯ ವರಸೆ ಮುಗಿದ ಸಂಜೆ ಕಾವಲುಗಾರರನ್ನು ಮಾತಾಡಿಸಲು ಹೋದೆ. ಚಾವಡಿಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರು ಎಳೆದುಕೊಳ್ಳಬೇಕು.

“ತೆಂಕು ಗ್ವಾಡೆ ಮುಗೀತಾ?”

“ಮುಗೀತು. ನೀವು ಹುಷಾರಾಗಿ ಬಂದು ನೋಡ್ಬೇಕು.”

“ಹಂಗಾರೆ ನಾ ಸಾಯೋ ಹಂಗಿಲ್ಲ ಬಿಡಿ” ಎಂದು ಅವರು ನಕ್ಕರು. ನಗು ಕೆಮ್ಮಾಯಿತು.

ಒಳಗಿನಿಂದ ಅಕ್ಕ, “ಸುಮ್ನಿರು ಮಾರಾಯ, ಬಾಯಿಗೆ ಎಂತ ಬಂತೋ ಅದು” ಎಂದು ಗದರಿದರು. ಕಾಯಿಲೆಯವರ ತಮಾಷೆ ಎಂದು ನಾನೂ ನಕ್ಕು, ಚಾ ಕುಡಿದು, ಬಸ್ಸು ಹಿಡಿದೆ.

ಅದಾಗಿ ಕೆಲವೇ ದಿನ. ಸೋಮವಾರ ಇಲಾಖೆಯ ಸಾಹೇಬರು ಕೊನೆಯ ತಪಾಸಣೆಗೆ ಬರುವವರಿದ್ದರು. ಶುಕ್ರವಾರ ಬೆಳಿಗ್ಗೆ ನಾನು ಬಸ್ಸಿಳಿದು ಏರು ಹತ್ತಿ ಬಂದಾಗ ಪಹರೆ ಕಟ್ಟೆಯ ಮೇಲೆ ಸ್ಟೌವ್ ಇರಲಿಲ್ಲ. ಕಾವಲುಗಾರರು ಬೆಳಗಿನ ಜಾವ ತೀರಿಕೊಂಡಿದ್ದರು. ಕೆಳಗಿನ ಊರಿನಿಂದ ನೆಂಟರು, ಹೊರುವವರು ಆಗಲೇ ಬಂದಿದ್ದರು. ಬಿದಿರು ಕಡಿದು ಚಟ್ಟ ಕಟ್ಟಿ ಮುಗಿದಿತ್ತು. ಆದರೆ ಯಾರೂ ಏಳುತ್ತಿಲ್ಲ. ಗಂಡಸರೆಲ್ಲ ತೆಂಕಣ ಗೋಡೆಯ ಮುಂದೆ ನಿಂತು ನಾವು ಹೊದಿಸಿದ ಹಸಿ ಗೋಣಿತಾಟನ್ನು ನೋಡುತ್ತಿದ್ದರು.

ಅವರಲ್ಲಿ ಹಿರಿಯರೊಬ್ಬರು ನನ್ನತ್ತ ಬಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

“ಇದು ಯಾಕೆ ಮುಚ್ಚಿದ್ರಿ ಮೇಡಂ?”

“ಗೋಡೆ ಬಿದ್ದಿತ್ತಲ್ಲ...”

“ಬಿದ್ದಿದ್ದಲ್ಲ, ತೆಗ್ದಿದ್ದು. ಹೆಬ್ಬಾಗ್ಲಲ್ಲಿ ಚೌಡಿ ಕೂತಿದಾಳೆ. ಅವಳ ಕಣ್ಣೆದುರು ಹೆಣ ಹಾಯ್ಸೋ ಹಂಗಿಲ್ಲ. ಕ್ವಾಟೆ ಒಳಗೆ ಸತ್ತೋರೆಲ್ಲ ಇದೇ ಕಂಡೀಲಿ ಹೋಗಿದ್ದು. ನನ್ನ ಅಜ್ಜನೂ.”

ಹೆಬ್ಬಾಗಿಲಿನ ಗೂಡಿನಲ್ಲಿ ಕುಂಕುಮ ಬಳಿದ ಕಲ್ಲೊಂದಿತ್ತು. ಅದನ್ನೂ ನಕ್ಷೆಯಲ್ಲಿ ಬರೆದಿದ್ದೆ, ‘ಚೌಡಿ, ಪೂಜೆಯಲ್ಲಿದೆ’ ಎಂದು. ಕಂಡಿಗೂ ಅದಕ್ಕೂ ಗೆರೆ ಎಳೆಯಲು ಮಾತ್ರ ನನಗೆ ಹೊಳೆದಿರಲಿಲ್ಲ.

“ಇಷ್ಟು ದಿನ ಯಾರೂ ಯಾಕೆ ಹೇಳ್ಲಿಲ್ಲ?” ಎಂದೆ. ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಗೊತ್ತಿರಲಿಲ್ಲ.

“ನಾವು ಈ ಗ್ವಾಡೆ ಕಡೆ ಬರೋದು ಸಾವಾದ್ರೆ ಮಾತ್ರ. ಮುಚ್ಚಿದ್ದು ಇವತ್ತೇ ಕಂಡಿದ್ದು. ಇನ್ನು ಆ ಹೆಂಗಸು... ಮನೇಲಿ ಕಾಯ್ಲೆ ಮನುಷ್ಯನ್ನ ಇಟ್ಕಂಡು ಆ ದಾರಿ ಹೆಸ್ರು ಹ್ಯಾಂಗೆ ಎತ್ತಾಳೆ?”

ನಾನು ಮನೆಯ ಕಡೆ ತಿರುಗಿದೆ. ಮಗ್ಗುಲಿನ ಕೊಟ್ಟಿಗೆ ಕಾಣುತ್ತಿತ್ತು. ಅದರಲ್ಲಿ ಸೂರಿನವರೆಗೆ ಸೌದೆ ಒಟ್ಟಿತ್ತು. ದನ ಕಟ್ಟುವ ಗೂಟವೂ ಇರಲಿಲ್ಲ. ಬಾಯಿಬಿಟ್ಟು ಹೇಳಲಾಗದ್ದನ್ನು ಅವರು ಇಲ್ಲದ ದನದ ಹೆಸರಿನಲ್ಲಿ ಕೇಳಿದ್ದರು. ನಾನು ಆನೆಯ ಮಾತು ಹೇಳಿ ನಕ್ಕಿದ್ದೆ.

ಕೋಟೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಬುರುಜಿನ ಮೇಲೆ ಮಾತ್ರ. ಹತ್ತಿ ಸಾಹೇಬರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. “ಪಾಪ ಅನ್ನಿಸುತ್ತೆ. ಆದ್ರೆ ಒಂದು ಕಲ್ಲು ಅಲುಗಿಸಿದ್ರೂ ನಿಮ್ಮ ತಲೆ ಮೇಲೇ ಬರುತ್ತೆ, ನೋಡಿ. ಅವರಿಗೆ ತಿಳಿ ಹೇಳಿ. ದೊಡ್ಡ ಬಾಗಿಲಿದೆ, ಅದರಲ್ಲಿ ಒಯ್ಯಲಿ” ಎಂದರು. ಗುತ್ತಿಗೆದಾರರು ಫೋನ್ ಎತ್ತಲಿಲ್ಲ.

ಇಳಿದು ಬಂದು ತಿಳಿ ಹೇಳಿದೆ. ಹೇಳುವಾಗಲೇ ನನ್ನ ಮಾತು ನನಗೇ ಹಿಡಿಸಲಿಲ್ಲ. ಹೊರುವವರು ಜಗಳವಾಡಲಿಲ್ಲ. “ನೀವು ಹೊರೋದಾದ್ರೆ ಹೊರ‍್ರಿ, ನಮ್ಮತ್ರ ಆಗದಿಲ್ಲ” ಎಂದು ಕಲ್ಲಿನ ಜಗಲಿಗಳ ಮೇಲೆ ಕೂತರು. ಬಿಸಿಲು ಏರುತ್ತಿತ್ತು. ಮೇ ತಿಂಗಳ ಸೆಖೆ, ಎಲೆಯೂ ಅಲುಗದು. ಹೆಣ ಹೆಚ್ಚು ಹೊತ್ತು ಕಾಯುವಂತಿರಲಿಲ್ಲ. ಬಲವಂತಕ್ಕೆ ಹೆಬ್ಬಾಗಿಲಿನಲ್ಲೇ ಒಯ್ದರೂ ನಾಳೆಯಿಂದ ಆ ಮನೆಗೆ ಒಬ್ಬರೂ ಬರುವುದಿಲ್ಲ, ಆ ಕಟ್ಟೆಯ ಚಾ ಯಾರೂ ಕುಡಿಯುವುದಿಲ್ಲ. ಒಳಗೆ ಅಕ್ಕ ಒಬ್ಬರೇ.

ಆಗ ಮೇಸ್ತ್ರಿ ಮೆಲ್ಲಗೆ, “ಚೈನ್ ಪುಲ್ಲಿ ಐತ್ರೀ ಮೇಡಂ. ಮೂರ್ ಕಾಲಿನ ಕಂಬ ನಿಲ್ಲಿಸಿ ಚಟ್ಟಾನ ಮ್ಯಾಲಿಂದ ದಾಟಿಸೂಣು. ಗ್ವಾಡಿ ಮುಟ್ಟೂದ ಬ್ಯಾಡ” ಎಂದರು. ನನಗೆ ಜೀವ ಬಂದಂತಾಯಿತು. ಗೋಡೆಯೂ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ. ಆಳುಗಳು ಕಂಬ ತಂದು ನಿಲ್ಲಿಸಿದರು. ಸರಪಳಿ ಕೊಕ್ಕೆ ಕಿರ್ ಎಂದು ಇಳಿಯಿತು. ಆ ಸದ್ದಿಗೆ ಅಕ್ಕ ಹೊರಗೆ ಬಂದರು. ಬೆಳಗಿನಿಂದ ಅವರು ನನ್ನ ಹತ್ತಿರ ಮಾತಾಡಿರಲಿಲ್ಲ. ಕೊಕ್ಕೆಯನ್ನೂ ನನ್ನನ್ನೂ ನೋಡಿದರು.

“ಇದ್ರಲ್ಲೇ ಅಲ್ದಾ ನೀವು ಕಲ್ಲು ಎತ್ತಿದ್ದು?” ಎಂದರು. “ಅಣ್ಣನ್ನೂ ಹಂಗೇ ನೇತಾಕಿ ಎತ್ತೂದಾ ಮೇಡಂ?”

ಅದರಾಚೆಗೆ ಯೋಚಿಸಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನನಗೆ ಚೌಡಿಯ ಭಯವಿಲ್ಲ, ಭಕ್ತಿಯೂ ಇಲ್ಲ. ಆದರೆ ನಮ್ಮ ಕಸುಬಿನಲ್ಲಿ ಎಲ್ಲರೂ ಒಪ್ಪಿದ ಒಂದು ಮಾತಿದೆ. ಹಳೆಯ ಕಟ್ಟಡಕ್ಕೆ ನೀನು ಸೇರಿಸಿದ್ದನ್ನು ಮುಂದೆ ತೆಗೆಯಲು ಬರುವಂತಿರಬೇಕು. ಸಿಮೆಂಟು ಬಿಟ್ಟು ಸುಣ್ಣ ಬಳಸುವುದೇ ಅದಕ್ಕೆ. ಆ ಕಂಡಿ ಹಾನಿಯಾಗಿರಲಿಲ್ಲ, ಕೋಟೆಯ ಎರಡನೆಯ ಬಾಗಿಲಾಗಿತ್ತು. ಹೆಬ್ಬಾಗಿಲಿನ ಬಿರುಕು ಹೊಲಿಯಲು ಅರ್ಧ ಬೇಸಿಗೆ ಕಳೆದವಳು ಈ ಬಾಗಿಲನ್ನು ನನ್ನ ಕೈಯಾರೆ ಹೂತಿದ್ದೆ.

“ಕಂಬ ತೆಗೀರಿ. ಗೋಡೆ ಬಿಚ್ಚೋಣ” ಎಂದೆ.

ಮೇಸ್ತ್ರಿ ಗೋಡೆಯನ್ನು ಒಮ್ಮೆ ನೋಡಿದರು. ತಮ್ಮ ಕೆಲಸ ತಾವೇ ಕೆಡವುವುದು ಅವರಿಗೆ ಸಂಕಟ, ಮುಖದಲ್ಲೇ ಕಾಣುತ್ತಿತ್ತು. ಬಳಿಕ ತಲೆಗೆ ಟವೆಲ್ ಸುತ್ತಿ, “ಮ್ಯಾಲಿಂದ ಬರೂಣ್ರೀ” ಎಂದು ಅಟ್ಟಣೆ ಹತ್ತಿದರು.

ಕೆಡವುವುದು ಕಟ್ಟುವುದಕ್ಕಿಂತ ನಾಜೂಕಿನ ಕೆಲಸ. ಗೋಣಿತಾಟು ತೆಗೆದು, ಪ್ರತಿ ಕಲ್ಲಿಗೂ ವರಸೆಯ ಗುರುತು ಹಾಕಿದೆವು. ಸೀಮೆಸುಣ್ಣ ಹಸಿಕಲ್ಲಿಗೆ ಹತ್ತಲಿಲ್ಲ. ಅಕ್ಕನ ಒಲೆಯಿಂದ ಇದ್ದಿಲು ತಂದು ಬರೆದೆವು. ಎರಡೂ ಬದಿಯ ಹಳೆಯ ಗೋಡೆ ಜಾರದಂತೆ ಅಡಿಕೆ ಮರ ಸೀಳಿದ ದಬ್ಬೆ ಆನಿಸಿದೆವು. ಗಾರೆ ಇನ್ನೂ ಹಸಿಯಾಗಿತ್ತು. ಕರಣೆಯ ತುದಿ ತೂರಿಸಿ ಮೀಟಿದರೆ ಕಲ್ಲು ತುಂಡಾಗದೆ ಎದ್ದು ಬರುತ್ತಿತ್ತು. ಮುಂಬದಿಯ ಕಲ್ಲು, ಹಿಂಬದಿಯ ಕಲ್ಲು, ನಡುವಿನ ತುಂಬುಗಲ್ಲು, ಒಂದೊಂದಾಗಿ ಇಳಿಸಿ ಹುಲ್ಲಿನ ಮೇಲೆ ಸಾಲಾಗಿ ಇಟ್ಟೆವು. ಹೊರುವವರು ಮೊದಲು ಕೂತೇ ನೋಡಿದರು. ಬಳಿಕ ಒಬ್ಬೊಬ್ಬರಾಗಿ ಎದ್ದು ಬಂದು ಕಲ್ಲಿಗೆ ಕೈ ಕೊಟ್ಟರು. ಮೊಣಕಾಲು ಮಟ್ಟಕ್ಕೆ ಬಂದಾಗ, “ಇಷ್ಟು ಸಾಕಾ? ಎತ್ತಿ ದಾಟಿಸ್ತೀರಾ?” ಎಂದು ಕೇಳಿದೆ. ಹಿರಿಯರು ಬೇಡವೆಂದು ತಲೆಯಾಡಿಸಿದರು. “ನೆಲಕ್ಕೆ ಬರ್ಲಿ. ನಡ್ಕಂಡೇ ಹೋಗ್ಲಿ ಅವನು.”

ಹಗಲು ಇಳಿಯುವ ಮುಂಚೆ ಆ ಸವೆದ ಮೆಟ್ಟಿಲುಗಲ್ಲು ಮತ್ತೆ ಕಾಣಿಸಿತು. ಅದು ಹೇಗೆ ಸವೆಯಿತು ಎಂದು ಈಗ ಯಾರೂ ಹೇಳಬೇಕಾಗಿರಲಿಲ್ಲ. ಪೇಟೆಬೀದಿಯಲ್ಲಿ ಚಟ್ಟ ಬಂತು. ಎರಡೂ ಬದಿಯ ಖಾಲಿ ಜಗಲಿಗಳ ನಡುವೆ ಅಷ್ಟು ಜನ ಒಟ್ಟಿಗೆ ನಡೆದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹೊರುವವರ ಭುಜ ಎರಡೂ ಅಂಚಿಗೆ ಉಜ್ಜಿ, ಅವರ ತೋಳಿಗೆಲ್ಲ ನಮ್ಮ ಹಸಿ ಸುಣ್ಣ ಮೆತ್ತಿಕೊಂಡಿತು. ಅಲ್ಲಿ ಹೆಂಗಸರು ಮಸಣಕ್ಕೆ ಹೋಗುವುದಿಲ್ಲ. ಅಕ್ಕ ಮೆಟ್ಟಿಲುಗಲ್ಲಿನ ಒಳಗೆ ನಿಂತರು. ಅವರ ಪಕ್ಕ ನಾನು ನಿಂತೆ. ಹಳ್ಳದ ಕಡೆಯ ಕಾಡಿನಲ್ಲಿ ತಮಟೆಯ ಸದ್ದು ಕರಗುವವರೆಗೂ ಅಲ್ಲೇ ನಿಂತಿದ್ದೆವು.

ಸೋಮವಾರ ಸಾಹೇಬರು ಬಂದರು. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಕಂಡಿಯ ಮುಂದೆ ಬಹಳ ಹೊತ್ತು ನಿಂತು, ಮೆಟ್ಟಿಲುಗಲ್ಲನ್ನು ಬೂಟಿನ ತುದಿಯಿಂದ ಮುಟ್ಟಲು ಹೋಗಿ ಕಾಲು ಹಿಂದೆಳೆದುಕೊಂಡರು. “ಒಪ್ಪಿದ ನಕ್ಷೇಲಿ ಗೋಡೆ ಇದೆ, ಇಲ್ಲಿ ಗೋಡೆ ಇರಬೇಕು. ಹೇಗೆ ಕಟ್ತೀರಿ ಅಂತ ನಾನು ಕೇಳೋದಿಲ್ಲ. ಮಳೆಗೆ ಮುಂಚೆ ಮುಗಿಸಿ” ಎಂದರು. ಅದಾದ ಮೇಲೆ ಆ ಗುತ್ತಿಗೆದಾರರು ನನ್ನನ್ನು ಬೇರೆ ಕೆಲಸಕ್ಕೆ ಕರೆಯಲಿಲ್ಲ.

ಇದ್ದಿಲಿನ ಗುರುತು ನೋಡಿಕೊಂಡು ಕಲ್ಲುಗಳನ್ನು ಅವುಗಳ ಜಾಗಕ್ಕೇ ಮರಳಿ ಇಟ್ಟೆವು. ಈ ಸಲ ಸುಣ್ಣ ಹಾಕಲಿಲ್ಲ. ಬರಿಗಲ್ಲು, ಸಂದಿಗೆ ಚಿಪ್ಪುಕಲ್ಲಿನ ಬೆಣೆ. ಹೊರಗಿನಿಂದ ನೋಡಿದರೆ ಗೋಡೆಯೇ. ತೆಗೆಯಬೇಕೆಂದರೆ ಹಾರೆ ಬೇಡ, ಗಾರೆಯವರು ಬೇಡ, ನಾಲ್ಕು ಜನರ ಕೈ ಸಾಕು. ಮೇಲಿನ ವರಸೆಯಲ್ಲಿ ಒಂದು ಬೆಣೆಗಲ್ಲು ಎಳೆದರೆ ಉಳಿದದ್ದು ಒಂದೊಂದಾಗಿ ಸಡಿಲವಾಗುತ್ತದೆ.

ಹೊರಡುವ ದಿನ ಅಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಆ ಬೆಣೆಗಲ್ಲನ್ನು ತೋರಿಸಿ, ಮೊದಲು ಯಾವ ಕಡೆ ಮೀಟಬೇಕು, ಯಾರು ಎಲ್ಲಿ ನಿಲ್ಲಬಾರದು ಎಂದು ವಿವರಿಸಿದೆ. ಏನೋ ದೊಡ್ಡ ಪರಿಹಾರ ಮಾಡಿದೆ ಎನ್ನುವ ಹುರುಪು ನನ್ನ ಮಾತಿನಲ್ಲಿ ಇದ್ದಿರಬೇಕು. ಅವರು ಪೂರ್ತಿ ಕೇಳಿದರು. ಸೆರಗಿನಿಂದ ಕಲ್ಲಿನ ಮೇಲಿನ ಧೂಳು ಒರೆಸಿದರು.

“ನಂಗೆ ತೋರ‍್ಸಿ ಎಂತ ಪ್ರಯೋಜನ ಮೇಡಂ?” ಎಂದರು. “ಇನ್ನು ಒಳಗಿರೋಳು ನಾನೊಬ್ಳೇ. ಆವತ್ತು ಇದನ್ನ ತೆಗ್ಯೋಳು ನಾನಲ್ಲವಲ್ಲ.”

ಕೆಳಗಿನ ಊರಿನವರಿಗೆ ತೋರಿಸಿ ಹೋಗುತ್ತೇನೆ ಎಂದೆ. ತೋರಿಸಿಯೂ ಬಂದೆ. ಆದರೆ ಅಕ್ಕನಿಗೆ ಅಷ್ಟು ಸಾಲಲಿಲ್ಲ. ಏರು ಇಳಿಯುವ ತನಕ ಜೊತೆಗೆ ಬಂದು, ಬಸ್ಸು ಕಂಡ ಮೇಲೆ, “ಕಟ್ಟಿದೋರು ನೀವು. ಆವತ್ತು ನೀವೇ ಬರ್ತೀರಾ?” ಎಂದು ಕೇಳಿದರು.

ಬರುತ್ತೇನೆ ಎಂದೆ. ನನ್ನ ನಂಬರನ್ನು ಅವರ ಫೋನಿನಲ್ಲಿ ನಾನೇ ಹಾಕಿಕೊಟ್ಟೆ.

ಈಗ ನಾನು ಸಾಗರದ ಹತ್ತಿರ ಬೇರೊಂದು ಕೆಲಸದಲ್ಲಿದ್ದೇನೆ. ಅಕ್ಕ ಆಗಾಗ ಬುರುಜು ಹತ್ತಿ ಫೋನ್ ಮಾಡುತ್ತಾರೆ. ನೋಡಲು ಬರುವವರು ಕಡಿಮೆ, ಚಾಪುಡಿ ತುಟ್ಟಿ, ಚೌಡಿಗೆ ಕಾಯಿ ಒಡೆಸಿದೆ, ಇಂಥವೇ ಸುದ್ದಿ. ಅವರ ನಂಬರು ಕಂಡ ಕೂಡಲೇ ಫೋನ್ ಎತ್ತುತ್ತೇನೆ, ಆದರೆ ಹಲೋ ಎನ್ನುವುದಿಲ್ಲ. ಆ ಕಡೆಯಿಂದ ಬರುವ ದನಿ ಅವರದೇ ಎಂದು ಗೊತ್ತಾಗುವವರೆಗೆ ಸುಮ್ಮನೆ ಕಾಯುತ್ತೇನೆ.